ತೊಟ್ಟಿ ಮನೆಯ ಖರೀದಿ (ಕೊಳ್ಳೇಗಾಲ, ಹನೂರು, ಯಳಂದೂರು)

ತೊಟ್ಟಿ ಮನೆ ಎಂಬುದು ನಡುವೆ ತೆರೆದ ಅಂಗಳವನ್ನು ಹೊಂದಿ, ಅದರ ಸುತ್ತ ಕಂಬಗಳ ಪಡಸಾಲೆ ಹಾಗೂ ಕೋಣೆಗಳನ್ನು ಜೋಡಿಸಿ ಕಟ್ಟಿದ ಸಾಂಪ್ರದಾಯಿಕ ವಾಸಗೃಹ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಹಳೆಯ ಬೀದಿಗಳಲ್ಲಿ ಇಂತಹ ಮನೆಗಳು ಇಂದಿಗೂ ಕಾಣಸಿಗುತ್ತವೆ. ಇವು ಸಾಮಾನ್ಯವಾಗಿ ಹಲವು ತಲೆಮಾರುಗಳ ಅವಿಭಕ್ತ ಕುಟುಂಬದ ಆಸ್ತಿಯಾಗಿರುತ್ತವೆ. ಆದುದರಿಂದ ಇವುಗಳ ಖರೀದಿಯಲ್ಲಿ ಕಟ್ಟಡದ ಸ್ಥಿತಿಗಿಂತಲೂ ಹಕ್ಕುದಾರಿಕೆಯ ಪ್ರಶ್ನೆಯೇ ಹೆಚ್ಚು ಜಟಿಲವಾದುದು.

ಹಿನ್ನೆಲೆ

ನೆರೆಹೊರೆಯ ಈ ತಾಲ್ಲೂಕುಗಳ ಆಡಳಿತದ ಇತಿಹಾಸ ಒಂದೇ ಬಗೆಯದಲ್ಲ. ಕೊಳ್ಳೇಗಾಲವು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರಾಜ್ಯ ಪುನರ್ವಿಂಗಡಣೆಯ ಬಳಿಕ ಮೈಸೂರು ರಾಜ್ಯವನ್ನು ಸೇರಿತು. ಹನೂರು ಆಗ ಕೊಳ್ಳೇಗಾಲದ ಭಾಗವಾಗಿದ್ದು, ಇತ್ತೀಚೆಗೆ ಪ್ರತ್ಯೇಕ ತಾಲ್ಲೂಕಾಯಿತು. ಯಳಂದೂರಾದರೋ ಮೈಸೂರು ಸಂಸ್ಥಾನದ ಒಳಗಿತ್ತು. ಅದನ್ನು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ನೀಡಲಾಯಿತು. ಅಲ್ಲಿನ ಜಹಗೀರ್‌ದಾರರ ಬಂಗಲೆಯು ಈಗ ಪೂರ್ಣಯ್ಯನವರ ಹೆಸರಿನ ವಸ್ತುಸಂಗ್ರಹಾಲಯವಾಗಿದೆ. ಚಾಮರಾಜನಗರ ಜಿಲ್ಲೆ ರಚನೆಯಾದುದು 1997ರಲ್ಲಿ.

ಈ ಇತಿಹಾಸದ ಪರಿಣಾಮ ಮನೆಯ ದಾಖಲೆಗಳಲ್ಲಿಯೂ ಕಾಣುತ್ತದೆ. ಕೊಳ್ಳೇಗಾಲ ಹಾಗೂ ಹನೂರು ಕಡೆಯ ಹಳೆಯ ಪತ್ರಗಳು ಮದರಾಸು ಆಡಳಿತದ ಪದ್ಧತಿಯಲ್ಲಿ, ಕೆಲವೊಮ್ಮೆ ತಮಿಳು ಅಥವಾ ಇಂಗ್ಲಿಷಿನಲ್ಲಿ ಇರುವುದುಂಟು. ಯಳಂದೂರಿನಲ್ಲಿ ಮೂಲ ಹಕ್ಕು ಜಹಗೀರು ಅಥವಾ ಇನಾಮಿನಿಂದ ಬಂದುದೇ ಎಂಬುದನ್ನು ಪರಿಶೀಲಿಸಬೇಕಾಗಬಹುದು.

ಹಕ್ಕುದಾರಿಕೆಯ ಪರಿಶೀಲನೆ

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಪ್ರಕರಣದಂತೆ, ನೂರು ರೂಪಾಯಿ ಅಥವಾ ಹೆಚ್ಚಿನ ಬೆಲೆಯ ಸ್ಥಿರಾಸ್ತಿಯ ಮಾರಾಟವು ನೋಂದಾಯಿತ ಪತ್ರದ ಮೂಲಕವೇ ಆಗಬೇಕು. ಕ್ರಯದ ಕರಾರು ಪತ್ರದಿಂದ ಮಾಲೀಕತ್ವ ಬರುವುದಿಲ್ಲ. ಉಪನೋಂದಣಾಧಿಕಾರಿಯು ಪತ್ರವನ್ನು ನೋಂದಾಯಿಸುತ್ತಾರೆಯೇ ಹೊರತು ಮಾರುವವರ ಹಕ್ಕಿಗೆ ಖಾತರಿ ನೀಡುವುದಿಲ್ಲ. ಖಾತೆಯೂ ತೆರಿಗೆಯ ಉದ್ದೇಶದ ದಾಖಲೆ. ಅದೊಂದೇ ಮಾಲೀಕತ್ವಕ್ಕೆ ಪುರಾವೆಯಲ್ಲ.

ಖರೀದಿಗೆ ಮುನ್ನ ಸಾಮಾನ್ಯವಾಗಿ ನೋಡುವ ದಾಖಲೆಗಳು ಇವು:

– ಮೂಲ ಕ್ರಯಪತ್ರ, ವಿಭಾಗಪತ್ರ, ದಾನಪತ್ರ ಅಥವಾ ಮರಣಶಾಸನ
– ಋಣಭಾರ ಪ್ರಮಾಣಪತ್ರ
– ವಂಶವೃಕ್ಷ ಹಾಗೂ ಮೃತರ ಮರಣ ಪ್ರಮಾಣಪತ್ರಗಳು
– ಪಟ್ಟಣದಲ್ಲಿ ಸ್ಥಳೀಯ ಸಂಸ್ಥೆಯ ಇ-ಖಾತೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11
– ತೆರಿಗೆ ಪಾವತಿಯ ರಸೀದಿಗಳು

ಕೊಳ್ಳೇಗಾಲದಲ್ಲಿ ನಗರಸಭೆ, ಹನೂರು ಮತ್ತು ಯಳಂದೂರುಗಳಲ್ಲಿ ಪಟ್ಟಣ ಪಂಚಾಯಿತಿ ಖಾತೆ ನೀಡುವ ಸಂಸ್ಥೆಗಳು.

ಪಾಲುದಾರರ ಪ್ರಶ್ನೆ

ಖಾತೆ ಹಿರಿಯ ಮಗನ ಹೆಸರಿನಲ್ಲಿದ್ದರೂ ಪಿತ್ರಾರ್ಜಿತ ಮನೆಯಲ್ಲಿ ಉಳಿದವರ ಪಾಲು ಇರುತ್ತದೆ. ಕರ್ನಾಟಕವು 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು, ಅಂದಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಸಹದಾಯಾದಿ ಹಕ್ಕು ನೀಡಿತು. 2005ರ ಕೇಂದ್ರ ತಿದ್ದುಪಡಿಯು ಮದುವೆಯಾದ ಹೆಣ್ಣುಮಕ್ಕಳಿಗೂ ಅದನ್ನು ವಿಸ್ತರಿಸಿತು. ತಿದ್ದುಪಡಿ ಜಾರಿಗೆ ಬಂದಾಗ ತಂದೆ ಬದುಕಿರಬೇಕೆಂಬ ನಿಯಮವಿಲ್ಲವೆಂದು ವಿನೀತಾ ಶರ್ಮಾ ಪ್ರಕರಣದಲ್ಲಿ (2020) ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರ ಅಥವಾ ನ್ಯಾಯಾಲಯದ ಡಿಕ್ರಿಯ ಮೂಲಕ ಆದ ವಿಭಾಗಗಳಿಗೆ ಬಾಧೆಯಿಲ್ಲ. ಆದುದರಿಂದ ಸಹೋದರರು ಮಾತ್ರ ಸಹಿ ಹಾಕಿದ ಕ್ರಯಪತ್ರವು, ಮದುವೆಯಾಗಿ ಹೋದ ಅಕ್ಕತಂಗಿಯರ ದಾವೆಗೆ ಗುರಿಯಾಗಬಹುದು.

ಒಬ್ಬ ಪಾಲುದಾರನ ಭಾಗವನ್ನು ಮಾತ್ರ ಕೊಳ್ಳುವುದು ಇನ್ನೂ ಅಪಾಯಕರ. ಸ್ವತ್ತು ವರ್ಗಾವಣೆ ಕಾಯ್ದೆಯ 44ನೇ ಪ್ರಕರಣದಂತೆ, ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವರಿಗೆ ಜಂಟಿ ಸ್ವಾಧೀನದ ಹಕ್ಕಿಲ್ಲ. ಅವರು ವಿಭಾಗದ ದಾವೆ ಹೂಡಿದರೆ, 1893ರ ವಿಭಾಗ ಕಾಯ್ದೆಯಂತೆ ಕುಟುಂಬದ ಪಾಲುದಾರನು ನ್ಯಾಯಾಲಯ ನಿಗದಿಪಡಿಸಿದ ಬೆಲೆಗೆ ಆ ಪಾಲನ್ನು ಕೊಳ್ಳಲು ಮುಂದಾಗಬಹುದು.

ಈಗಾಗಲೇ ಪಾಲಾಗಿರುವ ಮನೆಗಳಲ್ಲಿ ತೊಟ್ಟಿಯ ನಡುವೆಯೇ ಗೋಡೆ ಎದ್ದಿರುವುದುಂಟು. ಬಾವಿ, ಓಣಿ, ತೊಟ್ಟಿಯ ನೀರು ಹೋಗುವ ದಾರಿ ಮತ್ತು ನಡುಗೋಡೆ ಯಾರ ಪಾಲಿಗೆ ಸೇರಿವೆ ಎಂಬುದನ್ನು ವಿಭಾಗಪತ್ರದಲ್ಲಿ ಓದಿ, ಚಕ್ಕುಬಂದಿಯನ್ನು ಸ್ಥಳದಲ್ಲಿ ಅಳೆದು ತಾಳೆ ನೋಡಬೇಕಾಗುತ್ತದೆ.

ಕಟ್ಟಡದ ಪರಿಶೀಲನೆ

ಮಣ್ಣಿನ ಅಥವಾ ಇಟ್ಟಿಗೆಯ ದಪ್ಪ ಗೋಡೆ, ಗಾರೆಯ ಗಿಲಾವು, ಮರದ ಕಂಬ, ಬೋದಿಗೆ, ತೊಲೆ, ಜಂತೆ ಹಾಗೂ ಹೆಂಚಿನ ಮಾಡು ಈ ಮನೆಗಳ ಮುಖ್ಯ ಅಂಗಗಳು. ಹಳೆಯ ನಾಡಹೆಂಚಿನ ಜಾಗದಲ್ಲಿ ಅನೇಕ ಕಡೆ ಮಂಗಳೂರು ಹೆಂಚು ಬಂದಿದೆ. ಮಳೆನೀರು ನಾಲ್ಕೂ ಕಡೆಯ ಮಾಡಿನಿಂದ ತೊಟ್ಟಿಗೆ ಬೀಳುವುದರಿಂದ ಅದರ ಹೊರಹರಿವು ಕಟ್ಟಿಕೊಂಡಿದ್ದರೆ ಗೋಡೆಯ ಬುಡಕ್ಕೆ ತೇವ ಏರುತ್ತದೆ. ಎರಡು ಮಾಡುಗಳು ಕೂಡುವ ಮೂಲೆ, ಜಂತೆಯ ತುದಿ, ಕಂಬದ ಬುಡ ಇವು ಕೊಳೆತ ಹಾಗೂ ಗೆದ್ದಲಿಗೆ ಮೊದಲು ತುತ್ತಾಗುವ ಸ್ಥಳಗಳು. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿದ್ದರೆ ತೇವ ಹೊರಹೋಗದೆ ಒಳಗೇ ಉಳಿಯುತ್ತದೆ. ಇದನ್ನು ಸುಣ್ಣದ ಗಾರೆಯಿಂದ ಸರಿಪಡಿಸುವುದು ಸೂಕ್ತ.

ಕೆತ್ತನೆಯ ಕಂಬ, ಬಾಗಿಲುಗಳಿಗೆ ಹಳೆಯ ಮರದ ವ್ಯಾಪಾರದಲ್ಲಿ ಪ್ರತ್ಯೇಕ ಬೆಲೆಯಿದೆ. ಬೇರೆ ಒಪ್ಪಂದವಿಲ್ಲದಿದ್ದರೆ ಕಟ್ಟಡಕ್ಕೆ ಜೋಡಿಸಿದ ವಸ್ತುಗಳು ಮನೆಯೊಂದಿಗೇ ಕೊಂಡವರಿಗೆ ಸೇರುತ್ತವೆ. ಆದರೂ ಕರಾರು ಪತ್ರದಲ್ಲಿ ಅವುಗಳನ್ನು ಎಣಿಸಿ ನಮೂದಿಸಿದರೆ ಮುಂದಿನ ವಿವಾದ ತಪ್ಪುತ್ತದೆ.

ಶುಲ್ಕ ಮತ್ತು ನಿರ್ಬಂಧಗಳು

ಕರ್ನಾಟಕದಲ್ಲಿ ಕ್ರಯಪತ್ರದ ಮುದ್ರಾಂಕ ಶುಲ್ಕ ಸಾಮಾನ್ಯವಾಗಿ ಶೇ. 5, ಅದರ ಮೇಲೆ ಸೆಸ್ ಮತ್ತು ಅಧಿಭಾರ ಸೇರುತ್ತವೆ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿಸಲಾಗಿದೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ. ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ಯಳಂದೂರಿನ ಗೌರೀಶ್ವರ ದೇವಾಲಯದಂತಹ ಪುರಾತನ ಕಟ್ಟಡಗಳ ಸಮೀಪ ಮನೆ ಕೊಳ್ಳುವವರು ದುರಸ್ತಿ ಅಥವಾ ಮರುನಿರ್ಮಾಣದ ಮೊದಲು ಇದನ್ನು ವಿಚಾರಿಸುವುದು ಅಗತ್ಯ.

ಹೋಲಿಕೆ

ನೆದರ್‌ಲ್ಯಾಂಡ್ಸ್‌ನ ಹಳೆಯ ನಗರಗಳಲ್ಲಿಯೂ ಐತಿಹಾಸಿಕ ವಾಸದ ಮನೆಗಳು ಮಾರಾಟವಾಗುತ್ತವೆ. ಆಮ್‌ಸ್ಟರ್‌ಡ್ಯಾಮಿನ 17ನೇ ಶತಮಾನದ ಕಾಲುವೆ ವಲಯವು 2010ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ವರ್ಗಾವಣೆಯ ಪತ್ರವನ್ನು ನೋಟರಿಯೇ ಸಿದ್ಧಪಡಿಸಬೇಕು. ವಾಸಕ್ಕೆ ಮನೆ ಕೊಳ್ಳುವ ವ್ಯಕ್ತಿಗೆ ಕರಾರಿನ ಬಳಿಕ ಮನಸ್ಸು ಬದಲಿಸಲು ಮೂರು ದಿನಗಳ ಅವಕಾಶವಿದೆ. ಸ್ಮಾರಕವೆಂದು ಪಟ್ಟಿಯಾದ ಮನೆಯನ್ನು ಅನುಮತಿಯಿಲ್ಲದೆ ಮಾರ್ಪಡಿಸುವಂತಿಲ್ಲ. ಕೊಳ್ಳೇಗಾಲದ ಸೀಮೆಯ ಸಾಮಾನ್ಯ ತೊಟ್ಟಿ ಮನೆಗೆ ಇಂತಹ ರಕ್ಷಣೆಯಿಲ್ಲ. ಅದನ್ನು ಉಳಿಸುವುದೂ ಕೆಡಹುವುದೂ ಬಹುಮಟ್ಟಿಗೆ ಕೊಂಡವರ ನಿರ್ಧಾರಕ್ಕೆ ಬಿಟ್ಟದ್ದು.