ಬೂಷ್ಟಿಗೂ ಬರುವ ಬೇನೆ

ಗಿಡಮರಗಳನ್ನು ಕೊಲ್ಲುವ ಬೂಷ್ಟಿಗೂ ಬೇನೆ ತಗಲುವುದುಂಟೆಂದರೆ ವಾಚಕರಿಗೆ ಅಚ್ಚರಿಯಾದೀತು. ಪಂಡಿತರು ಶಿಲೀಂಧ್ರವೆಂದು ಕರೆಯುವ ಈ ಜೀವವರ್ಗದ ಒಡಲಿನಲ್ಲಿಯೂ ವೈರಸ್‌ಗಳು ನೆಲೆಸಿರುತ್ತವೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆಯಂತೆ, ಇವುಗಳಿಂದ ಸಸ್ಯರೋಗವನ್ನು ತಡೆಯಬಹುದೇ? ಉತ್ತರವು ಆ ವೈರಸ್‌ಗಳ ರಚನೆಯಲ್ಲಿಯೇ ಅಡಗಿದೆ.

ಓಟ್ಸ್ ಪೈರಿಗೆ ರೋಗ ತರುವ ಶಿಲೀಂಧ್ರವೊಂದರಲ್ಲಿ ವಾಸಿಸುವ ವೈರಸ್ಸನ್ನು ನೋಡೋಣ. ೧೨೦ ಪ್ರೋಟೀನ್ ತುಣುಕುಗಳು ಎರಡೆರಡಾಗಿ ಸೇರಿ, ೬೦ ಜೋಡಿಗಳಿಂದ ಅದರ ಗುಂಡನೆಯ ಕವಚವಾಗಿದೆ. ಇಂತಹ ಇಪ್ಪತ್ತು ಸಾವಿರ ಕವಚಗಳನ್ನು ಸಾಲಾಗಿಟ್ಟರೆ ಸುಮಾರು ಒಂದು ಮಿಲಿಮೀಟರ್ ಆದೀತು! ಒಳಗಿರುವುದು ವೈರಸ್ಸಿನ ವಂಶಲಿಪಿಯಾದ ಎರಡೆಳೆಯ ಆರ್‌ಎನ್‌ಎ ಮತ್ತು ಅದನ್ನು ನಕಲು ಮಾಡುವ ಕಿಣ್ವ. ಎರಡೆಳೆಯ ಆರ್‌ಎನ್‌ಎ ಕಣ್ಣಿಗೆ ಬಿದ್ದರೆ ಶಿಲೀಂಧ್ರವು ಅದನ್ನು ತುಂಡರಿಸಿಬಿಡುತ್ತದೆ. ಆದುದರಿಂದ ಕವಚವು ತೆರೆಯುವುದೇ ಇಲ್ಲ. ಒಳಗೆ ಸಿದ್ಧವಾದ ಒಂದೆಳೆಯ ಪ್ರತಿಗಳು ಮಾತ್ರ ಕಿರುರಂಧ್ರಗಳಿಂದ ಹೊರಬರುತ್ತವೆ.

ಆದರೆ ಹೊರಗಿನಿಂದ ಬಂದು ಜೀವಕೋಶವನ್ನು ಹಿಡಿದು ಒಳನುಗ್ಗುವ ಸಾಧನ ಈ ಕವಚಕ್ಕಿಲ್ಲ. ಎರಡು ಶಿಲೀಂಧ್ರಗಳ ಎಳೆಗಳು ಬೆಸೆದುಕೊಂಡಾಗಲೇ, ಇಲ್ಲವೇ ಬೀಜಕಗಳೊಳಗೆ ಕುಳಿತೇ, ಅದು ಹರಡಬೇಕು. ಚೆಸ್ಟ್‌ನಟ್ ಮರದ ರೋಗಕಾರಕ ಶಿಲೀಂಧ್ರದ ವೈರಸ್ಸಿಗಂತೂ ಕವಚವೇ ಇಲ್ಲ! ಸುಮಾರು ೧೨,೭೦೦ ಅಕ್ಷರಗಳ ಅದರ ಆರ್‌ಎನ್‌ಎ, ಶಿಲೀಂಧ್ರದ್ದೇ ಪೊರೆಯ ಚೀಲಗಳಲ್ಲಿ ಬಾಡಿಗೆದಾರನಂತೆ ವಾಸಿಸುತ್ತದೆ.

ಈ ಬಾಡಿಗೆದಾರನ ಕಥೆ ಸ್ವಾರಸ್ಯಕರವಾಗಿದೆ. ಪೂರ್ವ ಏಷ್ಯದಿಂದ ಬಂದ ಆ ಶಿಲೀಂಧ್ರವು ೧೯೦೪ರಲ್ಲಿ ನ್ಯೂಯಾರ್ಕಿನ ಮೃಗಾಲಯದ ಮರಗಳಲ್ಲಿ ಕಾಣಿಸಿಕೊಂಡು, ಅರ್ಧ ಶತಮಾನದೊಳಗೆ ಅಮೆರಿಕದ ಕೋಟ್ಯಂತರ ಚೆಸ್ಟ್‌ನಟ್ ಮರಗಳನ್ನು ನುಂಗಿತು. ೧೯೩೮ರಲ್ಲಿ ಇಟಲಿಯ ಜಿನೋವಾದ ಬಳಿ ಅದು ಪತ್ತೆಯಾದಾಗ ಯೂರೋಪಿಗೂ ಅದೇ ಗತಿಯೆಂದು ಜನ ಹೆದರಿದರು. ಆದರೆ ೧೯೫೦ರ ಸುಮಾರಿಗೆ ವಿಜ್ಞಾನಿ ಬಿರಾಗಿಯವರು ಅಲ್ಲಿನ ಕೆಲವು ಮರಗಳ ಹುಣ್ಣು ತಾನಾಗಿಯೇ ಮಾಯುತ್ತಿರುವುದನ್ನು ಗಮನಿಸಿದರು. ಮರ ಬಲಿತಿರಲಿಲ್ಲ, ಶಿಲೀಂಧ್ರವೇ ಸೊರಗಿತ್ತು. ಫ್ರಾನ್ಸಿನ ಗ್ರಾಂತ್ ಅವರು ಈ ಸೊರಗಿದ ಶಿಲೀಂಧ್ರವನ್ನು ಮರಗಳ ಹುಣ್ಣುಗಳಿಗೆ ಹಚ್ಚಿ ಚಿಕಿತ್ಸೆ ನಡೆಸಿದರು. ೧೯೯೨ರಲ್ಲಿ ಚಾಯ್ ಮತ್ತು ನಸ್ ಎಂಬ ವಿಜ್ಞಾನಿಗಳು ವೈರಸ್ಸಿನ ವಂಶಲಿಪಿಯ ಪ್ರತಿಯೊಂದನ್ನೇ ಆರೋಗ್ಯವಂತ ಶಿಲೀಂಧ್ರಕ್ಕೆ ಸೇರಿಸಿ, ಅದರ ಉಪಟಳ ಕುಗ್ಗುವುದನ್ನು ತೋರಿಸಿಕೊಟ್ಟರು.

ಹಾಗಾದರೆ ಅಮೆರಿಕದಲ್ಲೇಕೆ ಈ ಮದ್ದು ನಾಟಲಿಲ್ಲ? ಶಿಲೀಂಧ್ರಗಳಲ್ಲಿಯೂ ಕುಲಭೇದವುಂಟು. ಒಂದೇ ಕುಲದ ಎಳೆಗಳು ಬೆಸೆಯುತ್ತವೆ. ಕುಲ ಬೇರೆಯಾದರೆ ಬೆಸೆದ ಕೋಶಗಳೇ ಸಾಯುತ್ತವೆ. ಯೂರೋಪಿನಲ್ಲಿ ಕುಲಗಳು ಕೆಲವೇ, ಅಮೆರಿಕದಲ್ಲಿ ಹಲವಾರು. ಸ್ವಂತ ಕಾಲಿಲ್ಲದ ವೈರಸ್ಸಿಗೆ ಅಲ್ಲಿ ದಾರಿಯೇ ಮುಚ್ಚಿಹೋಯಿತು. ಈ ಕುಲಭೇದಕ್ಕೆ ಕಾರಣವಾದ ವಂಶವಾಹಿಗಳನ್ನು ಅಳಿಸಿ, ಇತರ ಕುಲಗಳಿಗೂ ವೈರಸ್ಸನ್ನು ದಾನಮಾಡಬಲ್ಲ ಶಿಲೀಂಧ್ರವನ್ನು ನಸ್ ಮತ್ತು ಅವರ ಸಹೋದ್ಯೋಗಿ ೨೦೧೬ರಲ್ಲಿ ರೂಪಿಸಿದರು.

ಸತ್ತ ಚೆಸ್ಟ್‌ನಟ್‌ಗಳ ಬೇರುಗಳು ಇಂದಿಗೂ ಚಿಗುರುತ್ತಿವೆ. ಮರವಾಗುವ ಮುನ್ನವೇ ಚಿಗುರು ಹುಣ್ಣಿಗೆ ಬಲಿಯಾಗುತ್ತಿದೆ. ಮದ್ದು ಕೈಯಲ್ಲಿದ್ದರೆ ಸಾಲದು, ಅದು ರೋಗವಿರುವೆಡೆಗೆ ತಲಪುವ ಮಾರ್ಗವೂ ಬೇಕೆಂಬುದನ್ನು ಆ ಚಿಗುರುಗಳು ಸಾರುತ್ತಿವೆ.