ಉಪ್ಪಿಗೆ ಬಾಗಿಲು ತೆರೆದ ಸಕ್ಕರೆ

ಓಆರ್‌ಎಸ್ ಪೊಟ್ಟಣದಲ್ಲಿ ಉಪ್ಪು ಯಾಕಿದೆ ಎಂದು ಕೇಳಿದರೆ ಯಾರಾದರೂ ಹೇಳಿಯಾರು: ಭೇದಿಯಲ್ಲಿ ಮೈಯ ಉಪ್ಪೆಲ್ಲ ಹರಿದುಹೋಗುತ್ತದಲ್ಲ, ಅದನ್ನು ತುಂಬಲಿಕ್ಕೆ. ಹಾಗಾದರೆ ಸಕ್ಕರೆ ಯಾಕೆ? ಸುಸ್ತಾದವರಿಗೆ ಶಕ್ತಿ ಬರಲಿ ಎಂದು ಕೆಲವರು ಹೇಳುತ್ತಾರೆ, ಮಕ್ಕಳು ಮುಖ ಕಿವುಚದೆ ಕುಡಿಯಲಿ ಎಂದು ಕೆಲವರು. ನಾನೂ ಬಹಳ ವರ್ಷ ಹಾಗೇ ತಿಳಿದಿದ್ದೆ. ನಿಜ ಸಂಗತಿ ಬೇರೆ. ಕಾಲರಾ ಹಿಡಿದವರಿಗೆ ಬರೀ ಉಪ್ಪುನೀರು ಕುಡಿಸಿದರೆ ಅದು ಕರುಳಿನುದ್ದಕ್ಕೂ ಹರಿದು ಆಚೆ ಬೀಳುತ್ತದೆ. ಅದೇ ನೀರಿಗೆ ಒಂದಿಷ್ಟು ಗ್ಲೂಕೋಸ್ ಬೆರೆಸಿ ಕುಡಿಸಿದರೆ ರಕ್ತ ಸೇರುತ್ತದೆ. ಇಷ್ಟು ಸಣ್ಣ ಸಂಗತಿ ತಿಳಿಯದೆ ಲೆಕ್ಕವಿಲ್ಲದಷ್ಟು ಮಕ್ಕಳು ಒಣಗಿ ಸತ್ತಿವೆ. ಇದು ತಿಳಿದದ್ದು ಹೇಗೆ ಎಂಬ ಕತೆಯನ್ನು ಓದುವಾಗಲೆಲ್ಲ ನನ್ನ ಎದೆ ಭಾರವಾಗುತ್ತದೆ, ಹಗುರವೂ ಆಗುತ್ತದೆ.

ಮೊದಲು ಕರುಳಿನ ದಿನದ ಲೆಕ್ಕ ನೋಡಿ. ನಾವು ತಿಂದು ಕುಡಿಯುವುದರಲ್ಲಿ ಸುಮಾರು 2 ಲೀಟರ್ ನೀರಿರುತ್ತದೆ. ಜೊಲ್ಲು, ಜಠರದ ರಸ, ಪಿತ್ತ, ಮೇದೋಜೀರಕ ಗ್ರಂಥಿಯ ರಸ, ಕರುಳು ತಾನೇ ಒಸರುವ ದ್ರವ ಎಲ್ಲ ಸೇರಿ ಇನ್ನೂ 6–7 ಲೀಟರ್ ಮೈಯಿಂದಲೇ ಅಲ್ಲಿಗೆ ಸುರಿಯುತ್ತದೆ. ಇಷ್ಟರಲ್ಲಿ ಮಲದ ಜೊತೆ ಹೊರಗೆ ಹೋಗುವುದು ಒಂದು ಲೋಟದಷ್ಟೂ ಇಲ್ಲ. ಉಳಿದದ್ದನ್ನೆಲ್ಲ ಕರುಳು, ಅದರಲ್ಲೂ ಸಣ್ಣಕರುಳು, ಮರಳಿ ಹೀರಿಕೊಳ್ಳುತ್ತದೆ. ಬೆಳಿಗ್ಗೆ ಕೈಗಡ ತಂದು ಸಂಜೆಯೊಳಗೆ ತೀರಿಸಿದ ಹಾಗೆ. ಕಾಲರಾ ಬಂದಾಗ ಈ ಲೆಕ್ಕವೇ ತಪ್ಪುತ್ತದೆ: ಕೈಗಡ ಏರುತ್ತದೆ, ತೀರಿಸುವುದು ಕುಂದುತ್ತದೆ. ದಿನವೊಂದಕ್ಕೆ ಹತ್ತು ಲೀಟರಿಗೂ ಮೀರಿ ನೀರು ಅಕ್ಕಿ ತೊಳೆದ ನೀರಿನ ಬಣ್ಣದಲ್ಲಿ ಹರಿದುಹೋಗಬಹುದು.

ನೀರು ತಾನಾಗಿ ಕರುಳಿನ ಗೋಡೆ ದಾಟುವುದಿಲ್ಲ. ಉಪ್ಪು ಹೋದ ಕಡೆ ನೀರು ಹೋಗುತ್ತದೆ. ಉಪ್ಪು ಹೋಗುವ ದಾರಿಗಳಲ್ಲಿ ಒಂದನ್ನು ಕಂಡುಹಿಡಿದವರು ಉಪ್ಪನ್ನು ಹುಡುಕುತ್ತಿರಲಿಲ್ಲ, ಕಾಲರಾದ ಗೋಜಿಗಂತೂ ಹೋದವರೇ ಅಲ್ಲ. ಅವರು ಬೆನ್ನು ಹತ್ತಿದ್ದು ಸಕ್ಕರೆಯನ್ನು.

ಉಂಡದ್ದು ಅನ್ನವಾಗಲಿ, ಮುದ್ದೆಯಾಗಲಿ, ಅದರಲ್ಲಿರುವ ಪಿಷ್ಟ ಗ್ಲೂಕೋಸ್ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಬಾಯಲ್ಲಿ ಜೊಲ್ಲಿನ ಕಿಣ್ವ ಅದನ್ನು ಕತ್ತರಿಸಲು ಶುರುಮಾಡುತ್ತದೆ. ಸಣ್ಣಕರುಳಿಗೆ ಇಳಿದ ಮೇಲೆ ಮೇದೋಜೀರಕದ ಕಿಣ್ವ ಅದನ್ನು ಸಣ್ಣ ತುಂಡು ಮಾಡುತ್ತದೆ. ಕೊನೆಯ ಕತ್ತರಿ ಮಾತ್ರ ಕರುಳಿನ ಗೋಡೆಗೇ ಅಂಟಿಕೊಂಡಿದೆ, ಮಖಮಲ್ಲಿನಂಥ ಆ ಗೋಡೆಯ ಒಂದೊಂದು ಜೀವಕೋಶದ ಅಂಚಿನಲ್ಲಿ. ಬಿಡಿ ಮಣಿ ಉದುರುವುದು ಹೊಸ್ತಿಲ ಮೇಲೆಯೇ. ಅಲ್ಲಿಂದ ಒಳಗೆ ಹೋಗುವುದು ಹೇಗೆ? ಜೀವಕೋಶದೊಳಗೆ ಆಗಲೇ ಹೊರಗಿಗಿಂತ ಹೆಚ್ಚು ಗ್ಲೂಕೋಸ್ ಇದ್ದರೂ ಇನ್ನಷ್ಟು ಒಳಗೆ ನುಗ್ಗುತ್ತದೆ. ಏರಿನಲ್ಲಿ ನೀರು ಹರಿದ ಹಾಗೆ ಇದು. ಯಾರೋ ಎಳೆಯುತ್ತಿರಬೇಕು. ಯಾರು?

1958ರಲ್ಲಿ ಮಾಂಟ್ರಿಯಲ್‌ನಲ್ಲಿ ರಿಕ್ಲಿಸ್ ಮತ್ತು ಕ್ವಾಸ್ಟೆಲ್ ಎಂಬಿಬ್ಬರು ಗಿನಿಯಿಲಿಯ ಕರುಳಿನ ಮೇಲೆ ಪ್ರಯೋಗ ಮಾಡುತ್ತ ಒಂದು ಸುಳಿವು ಕೊಟ್ಟರು: ದ್ರವದಲ್ಲಿ ಸೋಡಿಯಂ ಇಲ್ಲದಿದ್ದರೆ ಕರುಳು ಸಕ್ಕರೆಯನ್ನು ಸರಿಯಾಗಿ ಒಳಗೆ ತೆಗೆದುಕೊಳ್ಳುವುದಿಲ್ಲ. ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಕರುಳಿನ ತುಣುಕುಗಳನ್ನಿಟ್ಟುಕೊಂಡು ಇದೇ ಪ್ರಶ್ನೆಗೆ ಜೋತುಬಿದ್ದಿದ್ದರು. 1960ರ ಆಗಸ್ಟ್‌ನಲ್ಲಿ ಪ್ರಾಗ್ ನಗರದಲ್ಲಿ ನಡೆದ ವಿಚಾರ ಸಂಕಿರಣದಲ್ಲಿ ಅವರು ಒಂದು ಚಿತ್ರ ಬರೆದು ತೋರಿಸಿದರು. ಜೀವಕೋಶ ತನ್ನ ಹಿಂಬದಿಯಿಂದ ಸೋಡಿಯಂ ಅನ್ನು ಸದಾ ಹೊರಗೆ ದಬ್ಬುತ್ತಿರುತ್ತದೆ. ಹಾಗಾಗಿ ಒಳಗೆ ಸೋಡಿಯಂ ಕಡಿಮೆ, ಕರುಳಿನ ಕಡೆ ಹೆಚ್ಚು. ಒಳಗೆ ಬರಲು ಅದು ಕಾದು ನಿಂತಿರುತ್ತದೆ. ಗೋಡೆಯಲ್ಲಿ ಒಂದು ವಾಹಕವಿದೆ. ಅದೊಂದು ನೊಗ. ಒಂದು ಕಡೆ ಸೋಡಿಯಂ, ಇನ್ನೊಂದು ಕಡೆ ಗ್ಲೂಕೋಸ್. ಒಂದೇ ಎತ್ತು ಕಟ್ಟಿದರೆ ಗಾಡಿ ಕದಲುವುದಿಲ್ಲ. ಎರಡೂ ಕೂಡಿದಾಗ ಇಳಿಜಾರಿನಲ್ಲಿ ಓಡುವ ಸೋಡಿಯಂ ಏರು ಹತ್ತಬೇಕಾದ ಗ್ಲೂಕೋಸನ್ನು ಎಳೆದುಕೊಂಡು ಒಳಗೆ ಹೋಗುತ್ತದೆ.

ಕ್ರೇನ್ ಉತ್ತರಿಸಿದ್ದು ಸಕ್ಕರೆಯ ಪ್ರಶ್ನೆಗೆ. ಅದೇ ಚಿತ್ರವನ್ನು ಇನ್ನೊಂದು ಕಡೆಯಿಂದ ಓದಿ: ಸಕ್ಕರೆಗೆ ಉಪ್ಪು ಬೇಕು ಎಂದಮೇಲೆ, ಸಕ್ಕರೆ ಕೊಟ್ಟಲ್ಲಿ ಉಪ್ಪೂ ಒಳಗೆ ಹೋಗುತ್ತದೆ. ಉಪ್ಪಿನ ಹಿಂದೆ ನೀರು.

ಆದರೆ ಕಾಲರಾದಲ್ಲಿ ಆ ನೊಗ ಉಳಿದಿರುತ್ತದೆಯೇ? ಬಹುಕಾಲದ ನಂಬಿಕೆಯ ಪ್ರಕಾರ ಇರಲಿಕ್ಕೆ ಸಾಧ್ಯವೇ ಇರಲಿಲ್ಲ. ಕಾಲರಾ ಕರುಳಿನ ಒಳಪದರವನ್ನೇ ಸುಲಿದುಹಾಕುತ್ತದೆ ಎಂದು ದೊಡ್ಡ ದೊಡ್ಡವರು ಬರೆದಿಟ್ಟಿದ್ದರು. ಸುಲಿದುಹೋದ ಕರುಳಿಗೆ ಏನು ಕುಡಿಸಿ ಏನು ಪ್ರಯೋಜನ? ಈ ನಂಬಿಕೆಯನ್ನು ಅಲುಗಿಸಿದವರಲ್ಲಿ ಮೊದಲು ನೆನೆಯಬೇಕಾದವರು ಕಲ್ಕತ್ತದ ಶಂಭುನಾಥ ಡೇ. ಮೊಲದ ಜೀವಂತ ಕರುಳಿನ ಒಂದು ಗೇಣನ್ನು ಎರಡೂ ತುದಿಗೆ ದಾರದಿಂದ ಬಿಗಿದು, ನಡುವೆ ಸೂಜಿಯಿಂದ ಕಾಲರಾದ ರೋಗಾಣು ಬಿಟ್ಟು, ಹೊಟ್ಟೆ ಹೊಲಿದು ಒಂದು ದಿನ ಕಾದರೆ ಆ ತುಣುಕು ನೀರು ತುಂಬಿ ಉಬ್ಬಿರುತ್ತಿತ್ತು. 1959ರಲ್ಲಿ ಅವರು ರೋಗಾಣುಗಳನ್ನೆಲ್ಲ ಸೋಸಿ ತೆಗೆದ ಬರಿಯ ದ್ರವವನ್ನು ಬಿಟ್ಟು ನೋಡಿದರು. ಆಗಲೂ ಉಬ್ಬಿತು. ಅಂದರೆ ರೋಗಾಣು ಗೋಡೆಯನ್ನು ತಿಂದುಹಾಕುವುದಿಲ್ಲ. ಅದು ಬಿಡುವ ವಿಷ ಮೈಯ ನೀರನ್ನು ಕರುಳಿಗೆ ಇಳಿಸುತ್ತದೆ. ‘ನೇಚರ್’ ಪತ್ರಿಕೆಯಲ್ಲಿ ಬಂದ ಪುಟ್ಟ ಬರಹ ಅದು. ಅದೇ ಹೊತ್ತಿನಲ್ಲಿ ಬ್ಯಾಂಕಾಕ್‌ನಲ್ಲಿ ಗ್ಯಾಂಗರೋಸಾ ಮತ್ತು ಸಂಗಡಿಗರು ರೋಗಿಗಳ ಕರುಳಿನಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಪದರ ಇದ್ದ ಹಾಗೇ ಇತ್ತು. ಡೇ ಅವರಿಗೆ ಬದುಕಿದ್ದಾಗ ನಮ್ಮ ದೇಶ ದೊಡ್ಡ ಗೌರವವನ್ನೇನೂ ಕೊಡಲಿಲ್ಲ. 1985ರಲ್ಲಿ ಅವರು ತೀರಿಕೊಂಡರು. ನೊಬೆಲ್ ಪುರಸ್ಕೃತ ಜೋಶುವಾ ಲೆಡರ್‌ಬರ್ಗ್ ಅಂಥವರು ಅವರ ಹೆಸರನ್ನು ನೊಬೆಲ್‌ಗೆ ಸೂಚಿಸಿದ್ದರು ಎಂದು ಓದಿದಾಗ ನನಗೆ ಸಂಕಟವೇ ಆಯಿತು.

ಈಗ ನಮಗೆ ಗೊತ್ತಿರುವಂತೆ, ಕಾಲರಾದ ವಿಷ ಜೀವಕೋಶದಿಂದ ಕ್ಲೋರೈಡ್ ಸೋರುವಂತೆ ಮಾಡುತ್ತದೆ, ಉಪ್ಪು ಒಳಬರುವ ಒಂದು ಬಾಗಿಲನ್ನು ಮುಚ್ಚುತ್ತದೆ. ಸಕ್ಕರೆ–ಉಪ್ಪಿನ ನೊಗವನ್ನು ಮಾತ್ರ ಮುಟ್ಟುವುದಿಲ್ಲ. ಪ್ರಾಣ ಉಳಿಸಲು ತೆರೆದೇ ಉಳಿದ ಬಾಗಿಲು ಅದು.

ಇಷ್ಟೆಲ್ಲ ತಿಳಿದೂ ಪ್ರಯೋಗಶಾಲೆಯಿಂದ ಆಸ್ಪತ್ರೆಗೆ ದಾರಿ ನೇರವಾಗಿರಲಿಲ್ಲ. 1953ರಲ್ಲೇ ಕಲ್ಕತ್ತದ ಹೇಮೇಂದ್ರನಾಥ ಚಟರ್ಜಿ ಉಪ್ಪು–ಗ್ಲೂಕೋಸ್ ನೀರು ಕುಡಿಸಿ ರೋಗಿಗಳನ್ನು ಗುಣಪಡಿಸಿದ್ದನ್ನು ‘ಲ್ಯಾನ್ಸೆಟ್’ನಲ್ಲಿ ಬರೆದಿದ್ದರು. ಯಾರೂ ಅದನ್ನು ಮುಂದಕ್ಕೆ ಒಯ್ಯಲಿಲ್ಲ. ಅಮೆರಿಕದ ನೌಕಾಪಡೆಯ ವೈದ್ಯ ರಾಬರ್ಟ್ ಫಿಲಿಪ್ಸ್ ಕುಡಿಸಿದ ಗ್ಲೂಕೋಸ್ ಸೋಡಿಯಂ ಅನ್ನೂ ಒಳಗೊಯ್ಯುವುದನ್ನು ರೋಗಿಗಳಲ್ಲೇ ಕಂಡರು. ಆದರೆ ಫಿಲಿಪೀನ್ಸ್‌ನಲ್ಲಿ ನಡೆದ ಪ್ರಯೋಗದಲ್ಲಿ ಸಾವುಗಳಾದವು, ಅವರು ಹಿಂಜರಿದರು. 1968ರಲ್ಲಿ ಢಾಕಾದ ಕಾಲರಾ ಪ್ರಯೋಗಾಲಯದಲ್ಲಿದ್ದ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ತರುಣ ವೈದ್ಯರು ಸರಳವಾದ ಒಂದು ನಿಯಮ ಹಿಡಿದರು: ಎಷ್ಟು ಹೋಯಿತೋ ಅಷ್ಟು ಕುಡಿಸು. ಕಾಲರಾ ಮಂಚ ಎಂದರೆ ನಡುವೆ ತೂತಿರುವ ಮಂಚ, ಅದರ ಕೆಳಗೊಂದು ಬಕೆಟ್. ಹೊರಗೆ ಹೋದದ್ದನ್ನು ಅಳೆಯುವುದು, ಅಷ್ಟೇ ದ್ರವವನ್ನು ಬಾಯಿಂದ ಕೊಡುವುದು, ರಾತ್ರಿಯಿಡೀ ಇದೇ ಕೆಲಸ. 29 ರೋಗಿಗಳ ಆ ಅಧ್ಯಯನದಲ್ಲಿ ನರಕ್ಕೆ ಹಾಕುವ ಸಲೈನ್‌ನ ಅಗತ್ಯ ಸುಮಾರು ಶೇಕಡಾ 80ರಷ್ಟು ಇಳಿಯಿತು. ಆದರೂ ವೈದ್ಯರು ಒಪ್ಪಲಿಲ್ಲ. ನುರಿತ ಕೈಗಳಿಲ್ಲದ ಕಡೆ ಇದು ನಡೆಯದು ಎಂಬುದು ಅವರ ವಾದ.

1971ರಲ್ಲಿ ನುರಿತ ಕೈಗಳೂ ಇರಲಿಲ್ಲ, ಸಲೈನೂ ಇರಲಿಲ್ಲ. ಪೂರ್ವ ಪಾಕಿಸ್ತಾನದ ಯುದ್ಧದಿಂದ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಬಂದಿದ್ದರು. ಜೊತೆಗೆ ಕಾಲರಾ. ಕಲ್ಕತ್ತದ ಜಾನ್ಸ್ ಹಾಪ್‌ಕಿನ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ದಿಲೀಪ್ ಮಹಲಾನಬೀಸ್ ಜೂನ್ ಕೊನೆಯಲ್ಲಿ ಗಡಿಯೂರಾದ ಬಣಗಾಂವ್ ಆಸ್ಪತ್ರೆಗೆ ಬಂದಿಳಿದಾಗ ಅಲ್ಲಿದ್ದದ್ದು ಎರಡು ಕೋಣೆ. ನೆಲದ ತುಂಬ ರೋಗಿಗಳು. ಅವರ ಕೈಗೆ ಸೂಜಿ ಚುಚ್ಚಬೇಕಾದರೆ ವಾಂತಿ, ಭೇದಿಯ ನಡುವೆಯೇ ಮೊಣಕಾಲೂರಬೇಕಿತ್ತು. ಕೆಲವೇ ದಿನಗಳಲ್ಲಿ ಸಲೈನ್ ಮುಗಿಯತೊಡಗಿತು.

ಆಗ ಅವರು ಮಾಡಿದ್ದನ್ನು ಕಣ್ಣಮುಂದೆ ತಂದುಕೊಳ್ಳಿ. ಕಲ್ಕತ್ತದ ಕೇಂದ್ರದ ಗ್ರಂಥಾಲಯದ ಕೋಣೆಯಲ್ಲಿ ಮೇಜಿನ ಮೇಲೆ ತಕ್ಕಡಿ. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಅದನ್ನು ಪಾಲಿಥಿನ್ ಚೀಲಕ್ಕೆ ತುಂಬಿ, ಬಾಯಿಯನ್ನು ಇಸ್ತ್ರಿಪೆಟ್ಟಿಗೆಯ ಬಿಸಿಗೆ ಒತ್ತಿ ಮುಚ್ಚುವುದು. ಚೀಲಗಳು ಗಾಡಿಯಲ್ಲಿ ಬಣಗಾಂವ್‌ಗೆ. ಅಲ್ಲಿ ಅದನ್ನು ಡ್ರಮ್ಮಿನ ಶುದ್ಧ ನೀರಿಗೆ ಕಲಸಿ ಇಡುವುದು. ಲೀಟರಿಗೆ ಬಿದ್ದ ಖರ್ಚು 11 ಪೈಸೆ. ಕುಡಿಸುವವರು ಯಾರು? ತಾಯಿ, ಗಂಡ, ಅಕ್ಕ, ಪಕ್ಕದಲ್ಲಿ ಕೂತವರು, ಯಾರಿದ್ದರೆ ಅವರು. ಲೋಟ ತುಂಬಿಕೊಂಡು ಹೋಗಿ ತಮ್ಮವರ ತುಟಿಗೆ ಹಿಡಿದರು. ಎಷ್ಟು ಕುಡಿಸಬೇಕೆಂದು ಬಕೆಟ್ ಹಿಡಿದು ಅಳೆಯುವವರಿರಲಿಲ್ಲ; ಬಾಯಾರಿಕೆಯೇ ಅಳತೆಯಾಯಿತು. ಮೈಗೆ ನೀರು ಸಾಕಾದಾಗ ರೋಗಿಯೇ ಲೋಟ ದೂರ ತಳ್ಳುತ್ತಿದ್ದ.

ಅಪ್ಪಟ ಧೈರ್ಯ ಇದು ಎಂದು ನನಗನ್ನಿಸುತ್ತದೆ. ಪುಸ್ತಕ ಬೇಡವೆಂದದ್ದನ್ನು ಮಾಡಿ, ಅದು ತಪ್ಪಾಗಿದ್ದರೆ ಆ ಹೆಣಗಳ ಲೆಕ್ಕ ಅವರ ತಲೆಗೇ ಬರುತ್ತಿತ್ತು. ಎಂಟು ವಾರಗಳಲ್ಲಿ 3,700ಕ್ಕೂ ಹೆಚ್ಚು ರೋಗಿಗಳು ಈ ನೀರು ಕುಡಿದರು. ನೂರಕ್ಕೆ ಮೂವತ್ತರವರೆಗೂ ಇದ್ದ ಸಾವು 3.6ಕ್ಕೆ ಇಳಿಯಿತು. ಆ ವಿವರ 1973ರಲ್ಲಿ ಅಚ್ಚಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಧೀಮಾನ್ ಬರುವಾ ಶಿಬಿರವನ್ನು ಕಣ್ಣಾರೆ ಕಂಡು ಇದನ್ನು ಜಗತ್ತಿಗೆ ಒಯ್ಯಲು ಹೆಣಗಿದರು. ಮಹಲಾನಬೀಸ್ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ.

ಕ್ರೇನ್ ಊಹಿಸಿದ್ದ ವಾಹಕದ ವಂಶವಾಹಿಯನ್ನು 1987ರಲ್ಲಿ ಅರ್ನೆಸ್ಟ್ ರೈಟ್ ಅವರ ತಂಡ ಹಿಡಿಯಿತು. ಒಂದು ಗ್ಲೂಕೋಸಿಗೆ ಎರಡು ಸೋಡಿಯಂ ಎಂಬ ಲೆಕ್ಕವೂ ಸಿಕ್ಕಿತು. ಈ ವಾಹಕ ಕೆಟ್ಟು ಹುಟ್ಟುವ ಮಕ್ಕಳು ಅಪರೂಪಕ್ಕೆ ಇದ್ದಾರೆ. ತಾಯಿಯ ಹಾಲೇ ಅವಕ್ಕೆ ಭೇದಿ ತರುತ್ತದೆ. ಬೇರೆ ಬಾಗಿಲಿನಿಂದ ಹೋಗುವ ಫ್ರಕ್ಟೋಸ್ ಸಕ್ಕರೆಯ ಆಹಾರ ಕೊಟ್ಟರೆ ಬದುಕಿ ಬೆಳೆಯುತ್ತವೆ. ಸಕ್ಕರೆ ಹೆಚ್ಚಾದರೆ ಅದೇ ಕರುಳಿಗೆ ನೀರನ್ನು ಎಳೆಯುತ್ತದೆ ಎಂಬುದೂ ಮನವರಿಕೆಯಾಯಿತು. ಹಾಗಾಗಿ 2002ರಿಂದ ಪೊಟ್ಟಣದ ಗ್ಲೂಕೋಸನ್ನು ಲೀಟರಿಗೆ 20 ಗ್ರಾಂನಿಂದ 13.5ಕ್ಕೆ ಇಳಿಸಿದ್ದಾರೆ. ಭೇದಿಯಾದ ಮಗುವಿಗೆ ಸಿಹಿ ಹಣ್ಣಿನ ರಸದ ಡಬ್ಬಿ ಕೊಡಬಾರದೆನ್ನುವುದು ಇದಕ್ಕೇ.

ಚಿಕ್ಕಂದಿನಲ್ಲಿ ನಮ್ಮ ಊರಲ್ಲಿ ವಾಂತಿಭೇದಿ ಹತ್ತಿದ ಮಕ್ಕಳಿಗೆ ನೀರು ಕೊಡಲು ಹೆದರುತ್ತಿದ್ದರು, ಕುಡಿದಷ್ಟೂ ಹೋಗುತ್ತದೆ ಎಂದು. ನಮ್ಮಜ್ಜಿ ಮಾತ್ರ ಗಂಜಿತಿಳಿಗೆ ಉಪ್ಪು ಹಾಕಿ ಚಮಚದಲ್ಲಿ ಹನಿಸುತ್ತಿದ್ದಳು. ಗಂಜಿಯಲ್ಲಿರುವುದು ಆ ಗ್ಲೂಕೋಸ್ ಸರವೇ. ಒಂದೇ ಸಲ ಕರುಳಿಗೆ ಸಿಹಿ ಸುರಿಯದೆ, ಗೋಡೆಯ ಬಳಿ ಒಂದೊಂದೇ ಮಣಿ ಉದುರಿ ಒಂದೊಂದಕ್ಕೂ ಉಪ್ಪು ಜೊತೆಯಾಗುತ್ತದೆ. ಅಕ್ಕಿಯಿಂದ ಮಾಡಿದ ಓಆರ್‌ಎಸ್ ಕಾಲರಾದಲ್ಲಿ ಭೇದಿಯ ಪ್ರಮಾಣವನ್ನೇ ತಗ್ಗಿಸುತ್ತದೆ ಎಂದು ಢಾಕಾದ ವೈದ್ಯರು 1980ರ ದಶಕದಲ್ಲಿ ತೋರಿಸಿದರು.

ಅದೇ ದಶಕದಲ್ಲಿ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯ ಹೆಣ್ಣುಮಕ್ಕಳು ಒಂದು ಕೋಟಿಗೂ ಹೆಚ್ಚು ಮನೆಗಳ ಜಗಲಿಯಲ್ಲಿ ಕೂತು ಕಲಿಸಿದರು: ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಅವರು ಹೋದ ಮೇಲೆ ಇನ್ನೊಬ್ಬರು ಅದೇ ಮನೆಗೆ ಬಂದು ತಾಯಂದಿರನ್ನು ಮಾತಾಡಿಸುತ್ತಿದ್ದರು. ಎಷ್ಟು ಜನಕ್ಕೆ ನೆನಪಿದೆಯೋ ಅದರ ಮೇಲೆ ಕಲಿಸಿದವಳ ಕೂಲಿ. ನೆನಪಿದ್ದರೆ ಸಾಲದು, ಕಲಸಿ ತೋರಿಸಬೇಕು. ತಾಯಿ ಚಿಟಿಕೆ ಹಾಕಿ, ಹಿಡಿ ಹಾಕಿ, ಕಲಕುತ್ತಿದ್ದಳು. ಆ ನೀರಿನ ಒಂದಿಷ್ಟನ್ನು ಸೀಸೆಗೆ ತುಂಬಿ, ಉಪ್ಪು ಸರಿಯಾಗಿ ಬಿದ್ದಿದೆಯೇ ಎಂದು ನೋಡಲು ಪ್ರಯೋಗಾಲಯಕ್ಕೆ ಕಳಿಸುತ್ತಿದ್ದರು.