ಟೊಮೇಟೊ ಮಡಿಗೆ ಚೆಂಡುಹೂವಿನ ಕಾವಲು

ಮಲ್ಲಿಗೆಗೆ ಹೆಸರಾದ ಹೂವಿನಹಡಗಲಿಯ ಹಿತ್ತಿಲುಗಳಲ್ಲಿ ಇನ್ನೊಂದು ಹೂವಿಗೂ ನಾವು ಕೆಲಸ ಕೊಡಬಹುದು. ಟೊಮೇಟೊ ಪಕ್ಕದಲ್ಲಿ ಚೆಂಡುಹೂವಿದ್ದರೆ ಅದರ ವಾಸನೆಗೆ ಹುಳುಗಳು ಓಡುವುವೆಂದು ಹಲವರ ನಂಬಿಕೆ. ಕಾಯಿಕೊರಕದ ಮಟ್ಟಿಗೆ ನಿಜಸಂಗತಿ ಇದಕ್ಕೆ ವಿರುದ್ಧವಾದುದು. ಅದರ ಪತಂಗವು ಚೆಂಡುಹೂವಿಗೆ ಮರುಳಾಗಿ, ಅದರ ಮೊಗ್ಗು ಹೂಗಳ ಮೇಲೆಯೇ ಹೆಚ್ಚಾಗಿ ಮೊಟ್ಟೆಯಿಡುತ್ತದೆ, ಟೊಮೇಟೊ ಉಳಿಯುತ್ತದೆ. ಆದುದರಿಂದ ಎರಡೂ ಒಂದೇ ಕಾಲಕ್ಕೆ ಹೂಬಿಡುವುದು ಅತ್ಯವಶ್ಯ.

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕ್ರಮದಂತೆ, 25 ದಿನಗಳ ಟೊಮೇಟೊ ಸಸಿಗಳ ಪ್ರತಿ 16 ಸಾಲಿಗೆ, 40 ದಿನಗಳ ಚೆಂಡುಹೂ ಸಸಿಗಳ ಒಂದು ಸಾಲನ್ನು ಜೊತೆಯಲ್ಲಿಯೇ ನೆಡಬೇಕು. ಎಂದರೆ ಚೆಂಡುಹೂವಿನ ಬೀಜವನ್ನು 15 ದಿನ ಮೊದಲೇ ಬಿತ್ತಬೇಕು. ಹಿತ್ತಿಲಿನ ಸಣ್ಣ ಮಡಿಯಾದರೆ ಅಂಚಿನಲ್ಲಿ ಕೆಲವು ಗಿಡಗಳನ್ನು ನೆಡಬಹುದು. ಆದರೆ ಹುಳು ಬಿದ್ದ ಹೂಗಳನ್ನು ಆಗಾಗ ಕಿತ್ತು ನಾಶಮಾಡದಿದ್ದರೆ, ಕಾವಲುಗಾರನೇ ಕಳ್ಳರಿಗೆ ಆಶ್ರಯವಿತ್ತಂತಾದೀತು!